ಶತ್ರುವಿನ ಶತ್ರು ಮಿತ್ರನೇ? ಇರಾನ್ ಕಲಿಸುವ ಪಾಠ

ಅಮೇರಿಕ ಮತ್ತು ರಶ್ಯದ ನಡುವೆ ಮಾತಿನ ಚಕಮಕಿ ನಡೆದಾಗಲೆಲ್ಲ ನಮ್ಮಲ್ಲಿ ಕೆಲವರ ಮುಖ ಅರಳುತ್ತದೆ. ಜುಮಾ ನಮಾಝ್ ಮುಗಿಸಿ ಮಸೀದಿಯ ಅಂಗಳದಲ್ಲಿ ನಿಂತು ಮಾತಾಡುವ ಹಿರಿಯರಿಂದ ಹಿಡಿದು ಹೋಟೆಲಿನಲ್ಲಿ ಚಹಾ ಕುಡಿಯುತ್ತಾ ಪತ್ರಿಕೆ ತಿರುವಿ ಹಾಕುವ ತರುಣರ ವರೆಗೆ ಎಲ್ಲರದ್ದೂ ಒಂದೇ ವಾದ. ಅಮೇರಿಕದ ಸೊಕ್ಕು ಮುರಿಯಲು ರಶ್ಯವೇ ಸರಿ, ಚೀನಾ ಎದ್ದು ನಿಂತರೆ ದುರ್ಬಲ ರಾಷ್ಟ್ರಗಳಿಗೆ ಉಸಿರಾಡಲು ಅವಕಾಶ ಸಿಕ್ಕೀತು ಎಂಬುದು ಆ ವಾದದ ಸಾರ. ಇದಕ್ಕೆ ತದ್ವಿರುದ್ಧವಾದ ಇನ್ನೊಂದು ನಂಬಿಕೆಯೂ ಇದೆ. ಅದು ಓದು ಬರಹ ಬಲ್ಲವರ ನಂಬಿಕೆ. ಮಹಾಶಕ್ತಿಗಳು ಪರಸ್ಪರ ಕೈ ಕುಲುಕಿದರೆ ಸಾಕು, ಜಗತ್ತಿನಲ್ಲಿ ಶಾಂತಿ ನೆಲೆಸುತ್ತದೆ ಎಂದು ಅವರು ಭಾವಿಸುತ್ತಾರೆ. ಮೊದಲನೆಯವರು ಮಹಾಶಕ್ತಿಗಳ ಜಗಳದಲ್ಲಿ ವಿಮೋಚನೆಯನ್ನು ಕಾಣುತ್ತಾರೆ. ಎರಡನೆಯವರು ಅವುಗಳ ಗೆಳೆತನದಲ್ಲಿ ವಿಮೋಚನೆಯನ್ನು ಕಾಣುತ್ತಾರೆ.

ಈ ಎರಡು ನಂಬಿಕೆಗಳನ್ನೂ ಒರೆಗೆ ಹಚ್ಚಿ ನೋಡಲು ಇರಾನಿನಷ್ಟು ಸೂಕ್ತವಾದ ದೇಶ ಬೇರೊಂದಿಲ್ಲ. ಎರಡು ಶತಮಾನಗಳಿಂದ ಆ ನಾಡು ಮಹಾಶಕ್ತಿಗಳ ಪೈಪೋಟಿಯನ್ನೂ ಕಂಡಿದೆ, ಅವುಗಳ ಸಹಕಾರವನ್ನೂ ಕಂಡಿದೆ. ಎರಡರ ಬೆಲೆಯನ್ನೂ ತೆತ್ತಿದೆ. ಆದ್ದರಿಂದ ಅದರ ಚರಿತ್ರೆಯ ಕೆಲವು ಪುಟಗಳನ್ನು ತಿರುವಿ ನೋಡುವುದು ಒಳಿತು.

1906ರ ಬೇಸಿಗೆ. ಆಗ ಇರಾನಿಗೆ ಹೊರಜಗತ್ತಿನಲ್ಲಿ ಪರ್ಷಿಯಾ ಎಂಬ ಹೆಸರಿತ್ತು. ಟೆಹ್ರಾನಿನ ವ್ಯಾಪಾರಿಗಳು, ಕುಶಲಕರ್ಮಿಗಳು ಮತ್ತು ಮದ್ರಸ ವಿದ್ಯಾರ್ಥಿಗಳು ಶಾಹನ ನಿರಂಕುಶ ಆಡಳಿತದ ವಿರುದ್ಧ ಬೀದಿಗಿಳಿದಿದ್ದರು. ಉಲಮಾಗಳಲ್ಲಿ ಹಲವರು ಪ್ರತಿಭಟನೆಯಾಗಿ ರಾಜಧಾನಿಯನ್ನು ತೊರೆದು ಕುಮ್ ಪಟ್ಟಣಕ್ಕೆ ಹೋಗಿದ್ದರು. ಸೈನಿಕರ ಗುಂಡಿಗೆ ಹೆದರಿದ ಜನರು ಎಲ್ಲಿ ಆಶ್ರಯ ಪಡೆದರು ಗೊತ್ತೇ? ಬ್ರಿಟಿಶ್ ರಾಯಭಾರ ಕಚೇರಿಯ ತೋಟದಲ್ಲಿ! ಸುಮಾರು 12ರಿಂದ 14 ಸಾವಿರ ಮಂದಿ ಅಲ್ಲಿ ಡೇರೆ ಹಾಕಿ ಕುಳಿತರು. ಒಂದೊಂದು ಕಸುಬಿನವರಿಗೆ ಒಂದೊಂದು ಡೇರೆ. ದೊಡ್ಡ ದೊಡ್ಡ ಹಂಡೆಗಳಲ್ಲಿ ಅಡುಗೆ. ಸಂವಿಧಾನವೆಂದರೇನು, ಶಾಸನ ಸಭೆಯೆಂದರೇನು ಎಂದು ಆ ಡೇರೆಗಳ ನಡುವೆ ಭಾಷಣಗಳು ನಡೆದವು. ಕೊನೆಗೆ ಶಾಹ್ ಮಣಿದನು. ಅದೇ ವರ್ಷದ ಅಕ್ಟೋಬರಿನಲ್ಲಿ ಮಜ್ಲಿಸ್ ಎಂಬ ಪ್ರಥಮ ಶಾಸನ ಸಭೆ ಸೇರಿತು. ಡಿಸೆಂಬರ್ ಅಂತ್ಯದಲ್ಲಿ ಸಂವಿಧಾನಕ್ಕೆ ಶಾಹನ ಅಂಕಿತ ಬಿತ್ತು.

ಪರ್ಷಿಯಾದ ಜನರು ಬ್ರಿಟಿಶರ ತೋಟವನ್ನೇ ಆರಿಸಿಕೊಂಡದ್ದು ಯಾಕೆ? ಉತ್ತರ ಸರಳ. ರಶ್ಯ ಅವರ ಕಣ್ಣೆದುರಿನ ಶತ್ರುವಾಗಿತ್ತು. 1813 ಮತ್ತು 1828ರ ಒಪ್ಪಂದಗಳ ಮೂಲಕ ಕಕೇಶಿಯಾದ ವಿಶಾಲ ಭೂಭಾಗವನ್ನು ಅದು ಕಿತ್ತುಕೊಂಡಿತ್ತು. ಶಾಹನಿಗೆ ಸಾಲ ಕೊಟ್ಟು ಅವನನ್ನು ಮುಷ್ಟಿಯಲ್ಲಿಟ್ಟುಕೊಂಡಿತ್ತು. ಶಾಹನ ಕಾಸಕ್ ದಳಕ್ಕೆ ರಶ್ಯನ್ ಅಧಿಕಾರಿಗಳೇ ನಾಯಕರಾಗಿದ್ದರು. ಆ ರಶ್ಯಕ್ಕೆ ಏಶ್ಯದಲ್ಲಿ ಎದುರಾಳಿಯಾಗಿದ್ದದ್ದು ಬ್ರಿಟನ್. ಶತ್ರುವಿನ ಶತ್ರು ಮಿತ್ರ ಎಂದು ಆ ಜನರು ಭಾವಿಸಿದರು. ಅಂದು ಟೆಹ್ರಾನಿನ ಬಝಾರಿನವರು ಮಾಡಿದ ಲೆಕ್ಕಾಚಾರವನ್ನೇ ಇಂದು ನಮ್ಮ ಹೋಟೆಲುಗಳಲ್ಲಿ ಕುಳಿತವರು ಮಾಡುತ್ತಿದ್ದಾರೆ.

ಆ ಲೆಕ್ಕಾಚಾರದ ಆಯುಷ್ಯ ಬರೇ ಒಂದು ವರ್ಷ. 1907ರ ಆಗಸ್ಟ್ 31ರಂದು ಸೇಂಟ್ ಪೀಟರ್ಸ್‌ಬರ್ಗ್ ನಗರದಲ್ಲಿ ಬ್ರಿಟನ್ ಮತ್ತು ರಶ್ಯಗಳು ಒಪ್ಪಂದಕ್ಕೆ ಸಹಿ ಹಾಕಿದವು. ಜಪಾನಿನ ಎದುರು 1905ರಲ್ಲಿ ಸೋತು ರಶ್ಯ ದಣಿದಿತ್ತು. ಜರ್ಮನಿಯ ಬೆಳವಣಿಗೆ ಕಂಡು ಬ್ರಿಟನ್ ಕಂಗಾಲಾಗಿತ್ತು. ಇಬ್ಬರಿಗೂ ಗೆಳೆತನ ಬೇಕಾಗಿತ್ತು. ಆ ಗೆಳೆತನದ ಖರ್ಚು ಬಿದ್ದದ್ದು ಪರ್ಷಿಯಾದ ಮೇಲೆ. ಟೆಹ್ರಾನ್, ತಬ್ರೀಝ್, ಇಸ್ಫಹಾನ್ ಸೇರಿದಂತೆ ಉತ್ತರ ಭಾಗ ರಶ್ಯದ ಪ್ರಭಾವಕ್ಕೆ. ಭಾರತದ ಗಡಿಗೆ ಹೊಂದಿಕೊಂಡಿದ್ದ ಆಗ್ನೇಯ ಭಾಗ ಬ್ರಿಟನ್ನಿನ ಪ್ರಭಾವಕ್ಕೆ. ನಡುವಿನದ್ದು ತಟಸ್ಥ ವಲಯ. ಪರ್ಷಿಯಾದ ಸ್ವಾತಂತ್ರ್ಯ ಮತ್ತು ಅಖಂಡತೆಯನ್ನು ಗೌರವಿಸುವುದಾಗಿ ಅದೇ ಒಪ್ಪಂದದ ಪೀಠಿಕೆಯಲ್ಲಿ ಬರೆಯಲಾಗಿತ್ತು! ಇದಕ್ಕಿಂತ ದೊಡ್ಡ ವಿಡಂಬನೆ ಇನ್ನೇನಿದೆ? ಮಜ್ಲಿಸನ್ನು ಯಾರೂ ಕೇಳಲಿಲ್ಲ. ಸರಕಾರಕ್ಕೆ ವಿಷಯ ತಿಳಿಸಿದ್ದು ಸಹಿ ಬಿದ್ದ ಬಳಿಕ.

ಅದೇ ಒಪ್ಪಂದದಲ್ಲಿ ಅಫ್ಘಾನಿಸ್ತಾನಕ್ಕೆ ಸಂಬಂಧಿಸಿದ ಭಾಗವೂ ಇತ್ತು. ಅಮೀರ್ ಹಬೀಬುಲ್ಲಾ ಖಾನರು ಸಮ್ಮತಿಸಿದ ಬಳಿಕವೇ ಅದು ಜಾರಿಗೆ ಬರಬೇಕೆಂದು ಬರೆಯಲಾಗಿತ್ತು. ಅಮೀರರು ಸಮ್ಮತಿಸಲೇ ಇಲ್ಲ. ಹಾಗಿದ್ದೂ ಅದು ಜಾರಿಯಲ್ಲಿದೆಯೆಂದು ಎರಡೂ ಶಕ್ತಿಗಳು ಪರಿಗಣಿಸಿದವು. ಇಲ್ಲಿ ನಾವು ಭಾರತೀಯರು ನೆನಪಿಡಬೇಕಾದ ಅಂಶವೊಂದಿದೆ. ಭಾರತದ ರಕ್ಷಣೆಗಾಗಿ ಇದೆಲ್ಲ ಅಗತ್ಯ ಎಂಬುದೇ ಬ್ರಿಟನ್ನಿನ ಸಮರ್ಥನೆಯಾಗಿತ್ತು. ಆ ಭಾರತದ ಜನರ ಅಭಿಪ್ರಾಯವನ್ನೂ ಯಾರೂ ಕೇಳಿರಲಿಲ್ಲ. ಒಂದು ಗುಲಾಮ ದೇಶದ ಹೆಸರಿನಲ್ಲಿ ಇನ್ನೊಂದು ದೇಶವನ್ನು ಗುಲಾಮಗಿರಿಗೆ ತಳ್ಳುವುದು ಸಾಮ್ರಾಜ್ಯಶಾಹಿಯ ಹಳೆಯ ವಿದ್ಯೆ.

ಮುಂದಿನದ್ದು ಊಹಿಸಬಹುದಾದದ್ದೇ. 1908ರ ಜೂನ್‌ನಲ್ಲಿ ಹೊಸ ಶಾಹ್ ಮುಹಮ್ಮದ್ ಅಲಿಯ ಆಣತಿಯಂತೆ ಲಿಯಾಖೋವ್ ಎಂಬ ರಶ್ಯನ್ ಕರ್ನಲನ ನೇತೃತ್ವದ ಕಾಸಕ್ ದಳ ಮಜ್ಲಿಸ್ ಕಟ್ಟಡದ ಮೇಲೆ ಫಿರಂಗಿ ಹಾರಿಸಿತು. ತಬ್ರೀಝಿನ ಜನರು ಮಣಿಯಲಿಲ್ಲ. ತಿಂಗಳುಗಟ್ಟಲೆ ಮುತ್ತಿಗೆಯನ್ನು ತಾಳಿಕೊಂಡರು. 1909ರ ಜುಲೈಯಲ್ಲಿ ಸಂವಿಧಾನವಾದಿಗಳು ಟೆಹ್ರಾನನ್ನು ಮರಳಿ ಪಡೆದರು. ಶಾಹ್ ಓಡಿ ಹೋಗಿ ರಶ್ಯದ ರಾಯಭಾರ ಕಚೇರಿಯಲ್ಲಿ ಅವಿತನು. ಮಜ್ಲಿಸ್ ಮತ್ತೆ ಸೇರಿತು. ದೇಶದ ಹಣಕಾಸನ್ನು ಸರಿಪಡಿಸಲು ಅದು ಬ್ರಿಟನ್ ಅಥವಾ ರಶ್ಯದವರನ್ನು ಕರೆಯಲಿಲ್ಲ. ಮಾರ್ಗನ್ ಶುಸ್ಟರ್ ಎಂಬ ಅಮೇರಿಕನ್ ತಜ್ಞರನ್ನು 1911ರಲ್ಲಿ ಖಜಾನೆಯ ಮುಖ್ಯಸ್ಥರನ್ನಾಗಿ ನೇಮಿಸಿತು. ಆತ ಪ್ರಾಮಾಣಿಕವಾಗಿ ಕೆಲಸ ಮಾಡತೊಡಗಿದ್ದೇ ತಪ್ಪಾಯಿತು. ಆತನನ್ನು ಕಿತ್ತೊಗೆಯಬೇಕು, ಇನ್ನು ಮುಂದೆ ಬ್ರಿಟನ್ ಮತ್ತು ರಶ್ಯದ ಒಪ್ಪಿಗೆಯಿಲ್ಲದೆ ಯಾವ ವಿದೇಶಿ ಸಲಹೆಗಾರನನ್ನೂ ನೇಮಿಸಬಾರದು ಎಂದು ರಶ್ಯ ಅಂತಿಮ ಎಚ್ಚರಿಕೆ ನೀಡಿತು. ಮಜ್ಲಿಸ್ ಅದನ್ನು ತಿರಸ್ಕರಿಸಿತು. ಡಿಸೆಂಬರಿನಲ್ಲಿ ಮಜ್ಲಿಸಿನ ಬಾಗಿಲನ್ನೇ ಮುಚ್ಚಲಾಯಿತು. ಐದು ವರ್ಷಗಳ ಹಿಂದೆ ತನ್ನ ತೋಟದಲ್ಲಿ ಡೇರೆ ಹಾಕಿಸಿಕೊಂಡಿದ್ದ ಬ್ರಿಟನ್ ಆಗ ಏನು ಮಾಡಿತು? ಹೊಸ ಗೆಳೆಯನಿಗೆ ನೋವಾಗದಂತೆ ನೋಡಿಕೊಂಡಿತು.

ಒಂದು ವಿಷಯವನ್ನು ಇಲ್ಲಿಯೇ ಹೇಳಿಬಿಡಬೇಕು. ಪಶ್ಚಿಮವೆಂದರೆ ಒಂದೇ ಅಚ್ಚಿನಲ್ಲಿ ಎರಕ ಹೊಯ್ದ ಜನರಲ್ಲ. ಶುಸ್ಟರ್ ತನ್ನ ದೇಶಕ್ಕೆ ಮರಳಿ, ಪರ್ಷಿಯಾದ ಕತ್ತು ಹಿಸುಕಿದವರ ಬಗ್ಗೆ 1912ರಲ್ಲಿ ಪುಸ್ತಕವನ್ನೇ ಬರೆದರು. ಕೇಂಬ್ರಿಜಿನ ವಿದ್ವಾಂಸ ಇ.ಜಿ. ಬ್ರೌನ್ ತಮ್ಮದೇ ಸರಕಾರದ ನೀತಿಯನ್ನು ವರ್ಷಗಟ್ಟಲೆ ಟೀಕಿಸಿದರು. ಹಾವರ್ಡ್ ಬಾಸ್ಕರ್‌ವಿಲ್ ಎಂಬ ಅಮೇರಿಕನ್ ಯುವ ಶಿಕ್ಷಕ ತಬ್ರೀಝಿನ ಸಂವಿಧಾನವಾದಿಗಳ ಜೊತೆ ನಿಂತು 1909ರ ಏಪ್ರಿಲ್‌ನಲ್ಲಿ ಗುಂಡಿಗೆ ಬಲಿಯಾದರು. ಸರಕಾರಗಳ ಅನ್ಯಾಯವನ್ನು ಜನಾಂಗಗಳ ತಲೆಗೆ ಕಟ್ಟುವವರು ಈ ಹೆಸರುಗಳನ್ನು ಮರೆಯಬಾರದು.

ಪ್ರಥಮ ಮಹಾಯುದ್ಧದಲ್ಲಿ ಪರ್ಷಿಯಾ ತಟಸ್ಥ ಎಂದು ಘೋಷಿಸಿಕೊಂಡಿತು. ಯಾರು ಕಿವಿಗೊಟ್ಟರು? ರಶ್ಯ, ಬ್ರಿಟನ್ ಮತ್ತು ಉಸ್ಮಾನಿ ಸೇನೆಗಳು ಅದರ ನೆಲದಲ್ಲಿಯೇ ಕಾದಾಡಿದವು. 1908ರಲ್ಲಿ ಮಸ್ಜಿದೆ ಸುಲೈಮಾನ್‌ನಲ್ಲಿ ತೈಲ ಚಿಮ್ಮಿತ್ತು. 1914ರಲ್ಲಿ ಆ ತೈಲ ಕಂಪನಿಯ ಶೇ. 51 ಪಾಲನ್ನು ಬ್ರಿಟಿಶ್ ಸರಕಾರವೇ ಕೊಂಡುಕೊಂಡಿತು. 1915ರ ಗುಪ್ತ ಒಪ್ಪಂದದಲ್ಲಿ ಕಾನ್‌ಸ್ಟಾಂಟಿನೋಪಲ್ ಮತ್ತು ಅದರ ಜಲಸಂಧಿಗಳು ರಶ್ಯಕ್ಕೆ, ಪರ್ಷಿಯಾದ ತಟಸ್ಥ ವಲಯ ಬ್ರಿಟನ್‌ಗೆ ಎಂದು ಹಂಚಿಕೊಳ್ಳಲಾಯಿತು. ಅರ್ಥಾತ್, ಗೆಳೆತನ ಗಾಢವಾದಷ್ಟೂ ಪರ್ಷಿಯಾ ಕರಗುತ್ತಾ ಹೋಯಿತು.

ಮೂರು ದಶಕಗಳ ಬಳಿಕ ಇದೇ ನಾಟಕ ಹೊಸ ವೇಷದಲ್ಲಿ ಬಂತು. 1917ರ ಕ್ರಾಂತಿಯ ಬಳಿಕ ಬ್ರಿಟನ್ ಮತ್ತು ಸೋವಿಯತ್ ರಶ್ಯ ಕಡು ವೈರಿಗಳಾಗಿದ್ದವು. ಒಂದು ಬಂಡವಾಳಶಾಹಿ, ಇನ್ನೊಂದು ಕಮ್ಯುನಿಸ್ಟ್. ಇಬ್ಬರ ತತ್ವಗಳು ಎಣ್ಣೆ ಮತ್ತು ನೀರಿನಂತೆ. ಆದರೆ 1941ರ ಜೂನ್‌ನಲ್ಲಿ ಹಿಟ್ಲರ್ ರಶ್ಯದ ಮೇಲೆ ಎರಗಿದ್ದೇ ತಡ, ಸುಮಾರು ಎರಡು ತಿಂಗಳಲ್ಲಿ ಅವೆರಡೂ ಒಂದಾಗಿ ತಟಸ್ಥ ಇರಾನಿನ ಮೇಲೆ ದಂಡೆತ್ತಿ ಹೋದವು. ಆಗಸ್ಟ್ 25ರಂದು ಉತ್ತರದಿಂದ ಸೋವಿಯತ್ ಸೇನೆ, ದಕ್ಷಿಣ ಮತ್ತು ಪಶ್ಚಿಮದಿಂದ ಬ್ರಿಟಿಶ್ ಸೇನೆ. ಆ ಬ್ರಿಟಿಶ್ ಸೇನೆಯಲ್ಲಿ ಭಾರತೀಯ ಡಿವಿಜನ್‌ಗಳ ಸೈನಿಕರಿದ್ದರು ಎಂಬುದನ್ನೂ ಸೇರಿಸಿಕೊಳ್ಳಿ. ರಿಝಾ ಶಾಹ್ ಪದತ್ಯಾಗ ಮಾಡಬೇಕಾಯಿತು. ಯುದ್ಧ ಸಾಮಗ್ರಿಗಳನ್ನು ರಶ್ಯಕ್ಕೆ ಸಾಗಿಸಲು ಇರಾನಿನ ರೈಲು ಮತ್ತು ರಸ್ತೆಗಳನ್ನು ಬಳಸಲಾಯಿತು. ಹಿಟ್ಲರನ ಸೋಲು ಮನುಕುಲಕ್ಕೆ ಅಗತ್ಯವಾಗಿತ್ತು, ಅದರಲ್ಲಿ ಸಂದೇಹವಿಲ್ಲ. ಆದರೆ ಒಳ್ಳೆಯ ಉದ್ದೇಶದ ಸಹಕಾರವೂ ದುರ್ಬಲನ ಬಾಗಿಲನ್ನು ತಟ್ಟದೆಯೇ ಒಳ ನುಗ್ಗುತ್ತದೆ ಎಂಬುದನ್ನು ಗಮನಿಸಬೇಕು.

1943ರ ನವೆಂಬರ್ ಕೊನೆಯಲ್ಲಿ ರೂಸ್‌ವೆಲ್ಟ್, ಚರ್ಚಿಲ್ ಮತ್ತು ಸ್ಟಾಲಿನ್ ಟೆಹ್ರಾನಿನಲ್ಲಿಯೇ ಸಭೆ ಸೇರಿದರು. ಇರಾನಿನ ಸ್ವಾತಂತ್ರ್ಯ, ಸಾರ್ವಭೌಮತೆ ಮತ್ತು ಅಖಂಡತೆಯ ಪರವಾಗಿ ಹೇಳಿಕೆ ನೀಡಿದರು. 1907ರ ಪೀಠಿಕೆ ನೆನಪಾಗುತ್ತದೆಯಲ್ಲವೇ? ಯುದ್ಧ ಮುಗಿದ ಆರು ತಿಂಗಳೊಳಗೆ ಸೇನೆಯನ್ನು ಹಿಂದೆಗೆಯಬೇಕೆಂಬ ಒಪ್ಪಂದವಿತ್ತು. ಗಡುವು ಮುಗಿದರೂ ಸೋವಿಯತ್ ಸೇನೆ ಉತ್ತರದಲ್ಲಿ ಬೀಡುಬಿಟ್ಟಿತ್ತು. ಆಗಷ್ಟೇ ಹುಟ್ಟಿದ್ದ ಭದ್ರತಾ ಮಂಡಳಿಯ ಮುಂದೆ 1946ರ ಜನವರಿಯಲ್ಲಿಯೇ ಇರಾನ್ ದೂರು ಕೊಂಡೊಯ್ದಿತ್ತು. ಮಂಡಳಿಗೆ ಬಂದ ಮೊದಮೊದಲ ಪ್ರಕರಣಗಳಲ್ಲಿ ಇದೂ ಒಂದು.

ಈ ಸಂದರ್ಭದಲ್ಲಿ ಇರಾನಿಗೆ ಆಸರೆಯಾದದ್ದು ಯಾವುದು? ಅಮೇರಿಕದ ಒತ್ತಡ ಇತ್ತು, ನಿಜ. ಆದರೆ ಪ್ರಧಾನಿ ಕವಾಮ್ ಅವರ ಕೈಯಲ್ಲಿ ಇನ್ನೊಂದು ಗುರಾಣಿಯಿತ್ತು. ಮಜ್ಲಿಸಿನ ಒಪ್ಪಿಗೆಯಿಲ್ಲದೆ ವಿದೇಶಿಯರೊಂದಿಗೆ ತೈಲದ ಮಾತುಕತೆ ನಡೆಸುವುದನ್ನು ನಿಷೇಧಿಸುವ ಕಾನೂನನ್ನು 1944ರಲ್ಲಿ ಮುಸದ್ದಿಕ್ ಎಂಬ ಸದಸ್ಯರ ಮುಂದಾಳುತನದಲ್ಲಿ ಅಂಗೀಕರಿಸಲಾಗಿತ್ತು. ತೈಲದ ಆಸೆ ತೋರಿಸಿ, ಆದರೆ ಮಜ್ಲಿಸ್ ಒಪ್ಪಬೇಕು ಎಂಬ ಶರತ್ತಿನೊಂದಿಗೆ, ಕವಾಮ್ ಸೋವಿಯತ್ ಸೇನೆಯನ್ನು ಹೊರ ಕಳಿಸಿದರು. 1946ರ ಮೇಯಲ್ಲಿ ಸೇನೆ ಹೋಯಿತು. 1947ರ ಅಕ್ಟೋಬರಿನಲ್ಲಿ ಮಜ್ಲಿಸ್ ಆ ತೈಲ ಒಪ್ಪಂದವನ್ನು ಭಾರೀ ಬಹುಮತದಿಂದ ತಿರಸ್ಕರಿಸಿತು. ಫಿರಂಗಿ ಮಾಡಲಾರದ ಕೆಲಸವನ್ನು ಒಂದು ಶಾಸನ ಸಭೆ ಮಾಡಿತು. 1919ರ ಒಪ್ಪಂದದ ವಿಷಯದಲ್ಲಿಯೂ ಹಾಗೆಯೇ ಆಗಿತ್ತು. ಇಡೀ ದೇಶದ ಸೇನೆ ಮತ್ತು ಹಣಕಾಸನ್ನು ಬ್ರಿಟಿಶ್ ಸಲಹೆಗಾರರ ಕೈಗೊಪ್ಪಿಸುವ ಒಪ್ಪಂದಕ್ಕೆ ಮಂತ್ರಿಗಳು ಸಹಿ ಹಾಕಿದ್ದರೂ ಮಜ್ಲಿಸ್ ಅದನ್ನು ಅನುಮೋದಿಸಲಿಲ್ಲ. ಅದು ಬಿದ್ದು ಹೋಯಿತು.

ಮುಸದ್ದಿಕ್ 1951ರಲ್ಲಿ ಪ್ರಧಾನಿಯಾದರು. ಅದೇ ವರ್ಷ ತೈಲ ರಾಷ್ಟ್ರೀಕರಣಗೊಂಡಿತು. ಮುಂದೇನಾಯಿತೆಂಬುದು ಎಲ್ಲರಿಗೂ ಗೊತ್ತು. 1953ರ ಆಗಸ್ಟ್ 19ರಂದು ಸಿಐಎ ಮತ್ತು ಬ್ರಿಟಿಶ್ ಗುಪ್ತಚರ ಸಂಸ್ಥೆಯ ಸಂಚಿನಿಂದ ಅವರ ಸರಕಾರವನ್ನು ಉರುಳಿಸಲಾಯಿತು. ತನ್ನ ಪಾತ್ರವನ್ನು ಒಪ್ಪಿಕೊಳ್ಳುವ ದಾಖಲೆಗಳು ಸಿಐಎಯಿಂದ ಹೊರಬಂದದ್ದು ಅರವತ್ತು ವರ್ಷಗಳ ಬಳಿಕ, 2013ರಲ್ಲಿ. ಆದರೆ ಕ್ಷಿಪ್ರಕ್ರಾಂತಿಯ ಮರು ವರ್ಷ ನಡೆದದ್ದು ಅಷ್ಟಾಗಿ ಚರ್ಚೆಯಾಗುವುದಿಲ್ಲ. ಬ್ರಿಟನ್ ಮತ್ತು ಅಮೇರಿಕ ತೈಲದ ವಿಷಯದಲ್ಲಿ ಪೈಪೋಟಿಗಾರರಾಗಿದ್ದವು. 1954ರಲ್ಲಿ ಅವು ಒಟ್ಟಾಗಿ ಕುಳಿತು ಕಂಪನಿಗಳ ಕೂಟ ರಚಿಸಿದವು. ಬ್ರಿಟಿಶ್ ಕಂಪನಿಗೆ ಶೇ. 40, ಅಮೇರಿಕನ್ ಕಂಪನಿಗಳಿಗೆ ಶೇ. 40, ಶೆಲ್‌ಗೆ ಶೇ. 14, ಫ್ರೆಂಚ್ ಕಂಪನಿಗೆ ಶೇ. 6. ಪೈಪೋಟಿ ಹೀಗೆ ಸಹಕಾರವಾಯಿತು! ಅತ್ತ ಸೋವಿಯತ್ ಒಕ್ಕೂಟ? ಅದು ಮುಸದ್ದಿಕ್ ಅವರಿಗಾಗಿ ಬೆರಳನ್ನೂ ಅಲುಗಿಸಲಿಲ್ಲ.

ಹೊರಗಿನವರನ್ನು ಮಾತ್ರ ದೂರಿ ಕೈ ತೊಳೆದುಕೊಳ್ಳುವುದು ಸುಲಭ. ಆದರೆ ನ್ಯಾಯವಾಗಿ ಮಾತಾಡಬೇಕಾದರೆ ಒಳಗಿನ ಬಿರುಕುಗಳನ್ನೂ ಹೇಳಬೇಕು. 1872ರಲ್ಲಿ ನಾಸಿರುದ್ದೀನ್ ಶಾಹ್ ರೈಲು, ಗಣಿ, ಕಾಡುಗಳ ಹಕ್ಕನ್ನೆಲ್ಲ ಬ್ಯಾರನ್ ರಾಯಿಟರ್ ಎಂಬ ಒಬ್ಬ ವ್ಯಾಪಾರಿಗೆ ಬರೆದುಕೊಟ್ಟಾಗ ಅವನ ಕೈಯನ್ನು ಯಾವ ಮಹಾಶಕ್ತಿಯೂ ಹಿಡಿದು ಬರೆಸಿರಲಿಲ್ಲ. ಮಜ್ಲಿಸಿನ ಮೇಲೆ ಫಿರಂಗಿ ಹಾರಿಸಲು ಹೇಳಿದ್ದು ಅದೇ ದೇಶದ ದೊರೆ. 1953ರಲ್ಲಿ ಆಯತುಲ್ಲಾ ಕಾಶಾನಿಯಂಥ ಹಳೆಯ ಸಂಗಾತಿಗಳು ಮುಸದ್ದಿಕ್ ಅವರಿಂದ ದೂರ ಸರಿದಿದ್ದರು. ಮುಸದ್ದಿಕ್ ಕೂಡಾ ಜನಮತಗಣನೆ ನಡೆಸಿ ಮಜ್ಲಿಸನ್ನೇ ವಿಸರ್ಜಿಸಲು ಹೊರಟಿದ್ದರು. ತಾನು ಬಾಳಿನುದ್ದಕ್ಕೂ ಹಿಡಿದಿದ್ದ ಗುರಾಣಿಯನ್ನು ಅವರು ಕೆಳಗಿಟ್ಟ ಗಳಿಗೆಯಲ್ಲಿಯೇ ಬಾಣ ಬಂದು ನಾಟಿತು. ಗೋಡೆ ಬಿರುಕು ಬಿಟ್ಟಲ್ಲಿಯೇ ಹಾವು ನುಸುಳುತ್ತದೆ.

1980ರಿಂದ 88ರ ವರೆಗಿನ ಯುದ್ಧವನ್ನು ನೋಡಿ. ಶೀತಲ ಸಮರ ತೀವ್ರವಾಗಿದ್ದ ಕಾಲ. ಅಮೇರಿಕ ಮತ್ತು ಸೋವಿಯತ್ ಒಕ್ಕೂಟ ಎಲ್ಲೆಡೆ ಎದುರಾಳಿಗಳು. ಆದರೆ ಇರಾನಿನ ಮೇಲೆ ದಾಳಿ ಮಾಡಿದ ಸದ್ದಾಂ ಹುಸೇನರ ಇರಾಕಿಗೆ ಸೋವಿಯತ್ ಶಸ್ತ್ರಗಳೂ ದೊರೆತವು, ಅಮೇರಿಕದ ಗುಪ್ತಚರ ಮಾಹಿತಿ ಮತ್ತು ಸಾಲವೂ ದೊರೆಯಿತು. ಎರಡು ನೆರೆಯ ಮುಸ್ಲಿಮ್ ರಾಷ್ಟ್ರಗಳು ಎಂಟು ವರ್ಷ ಒಬ್ಬರನ್ನೊಬ್ಬರು ಕೊಂದುಕೊಂಡವು. ಎರಡೂ ಅಲಿಪ್ತ ಚಳವಳಿಯ ಸದಸ್ಯ ರಾಷ್ಟ್ರಗಳು! 1955ರಲ್ಲಿ ಬಾಂಡುಂಗ್‌ನಲ್ಲಿ ಏಶ್ಯ ಮತ್ತು ಆಫ್ರಿಕಾದ 29 ದೇಶಗಳು ಸೇರಿ ಕಂಡಿದ್ದ ಕನಸನ್ನು ಕೆಡಿಸಿದವರಲ್ಲಿ ಮಹಾಶಕ್ತಿಗಳಷ್ಟೇ ಅಲ್ಲ, ಕನಸು ಕಂಡವರ ಉತ್ತರಾಧಿಕಾರಿಗಳೂ ಇದ್ದರು.

ಇನ್ನು ಇತ್ತೀಚಿನ ಚರಿತ್ರೆಗೆ ಬರೋಣ. ರಶ್ಯ ಮತ್ತು ಚೀನಾ ಇರಾನಿನ ಬೆನ್ನಿಗಿವೆ ಎಂದು ನಂಬಿದವರು 2010ರ ಜೂನ್ 9ನ್ನು ನೆನಪಿಸಿಕೊಳ್ಳಬೇಕು. ಅಂದು ಭದ್ರತಾ ಮಂಡಳಿಯಲ್ಲಿ ಇರಾನಿನ ವಿರುದ್ಧ ಕಠಿಣ ನಿರ್ಬಂಧ ಹೇರುವ 1929ನೇ ಗೊತ್ತುವಳಿ ಬಂದಾಗ ರಶ್ಯ ಮತ್ತು ಚೀನಾ ಅದರ ಪರವಾಗಿ ಮತ ಹಾಕಿದವು. ವಿರೋಧಿಸಿದ್ದು ವೀಟೋ ಅಧಿಕಾರವಿಲ್ಲದ ಎರಡು ದೇಶಗಳು, ಬ್ರೆಝಿಲ್ ಮತ್ತು ಟರ್ಕಿ. 2025ರ ಜನವರಿಯಲ್ಲಿ ಮಾಸ್ಕೋದಲ್ಲಿ ರಶ್ಯ ಮತ್ತು ಇರಾನ್ ಮಹತ್ವದ ಸಹಭಾಗಿತ್ವದ ಒಪ್ಪಂದಕ್ಕೆ ಸಹಿ ಹಾಕಿದವು. ಒಬ್ಬರ ಮೇಲೆ ದಾಳಿಯಾದರೆ ಇನ್ನೊಬ್ಬರು ನೆರವಿಗೆ ಧಾವಿಸಬೇಕೆಂಬ ಮಾತು ಅದರಲ್ಲಿರಲಿಲ್ಲ. ಐದು ತಿಂಗಳ ಬಳಿಕ, ಜೂನ್ 13ರಂದು ಇಸ್ರೇಲ್ ಇರಾನಿನ ಮೇಲೆ ಎರಗಿತು. ಜೂನ್ 22ರಂದು ಅಮೇರಿಕದ ವಿಮಾನಗಳು ಮೂರು ಅಣು ಕೇಂದ್ರಗಳ ಮೇಲೆ ಬಾಂಬು ಹಾಕಿದವು. ರಶ್ಯ ಮತ್ತು ಚೀನಾ ಖಂಡಿಸಿದವು. ಖಂಡನೆಯಿಂದ ಯಾವ ಬಾಂಬೂ ಆಕಾಶದಲ್ಲಿ ತಡೆಯಲ್ಪಡಲಿಲ್ಲ.

ಹಾಗಾದರೆ ಮಹಾಶಕ್ತಿಗಳ ಸಹಕಾರದಿಂದ ಒಳಿತೇ ಆಗದೇ? ಆಗುತ್ತದೆ. 2015ರ ಜುಲೈ 14ರಂದು ವಿಯೆನ್ನಾದಲ್ಲಿ ಆದ ಅಣು ಒಪ್ಪಂದವನ್ನೇ ನೋಡಿ. ಅದರ ಹಿಂದಿನ ವರ್ಷವಷ್ಟೇ ರಶ್ಯ ಕ್ರಿಮಿಯಾವನ್ನು ವಶಪಡಿಸಿಕೊಂಡಿತ್ತು. ಅಮೇರಿಕ ರಶ್ಯದ ಮೇಲೆ ನಿರ್ಬಂಧ ಹೇರಿತ್ತು. ಹಾಗಿದ್ದೂ ಅಮೇರಿಕ, ರಶ್ಯ, ಚೀನಾ, ಬ್ರಿಟನ್, ಫ್ರಾನ್ಸ್ ಮತ್ತು ಜರ್ಮನಿ ಒಂದೇ ಮೇಜಿನ ಸುತ್ತ ಕುಳಿತವು. 1907ಕ್ಕೂ ಇದಕ್ಕೂ ಇದ್ದ ವ್ಯತ್ಯಾಸ ಒಂದೇ. ಈ ಬಾರಿ ಆ ಮೇಜಿನಲ್ಲಿ ಇರಾನಿಗೂ ಒಂದು ಕುರ್ಚಿಯಿತ್ತು. ಅದು ಕೊಟ್ಟಿತು, ಪಡೆಯಿತು. ಅದೇ ವರ್ಷದ ಡಿಸೆಂಬರಿನಲ್ಲಿ 11 ಟನ್‌ನಷ್ಟು ಸಂವರ್ಧಿತ ಯುರೇನಿಯಮ್ ಇರಾನಿನಿಂದ ಹಡಗಿನಲ್ಲಿ ರಶ್ಯಕ್ಕೆ ಹೋಯಿತು. ಭದ್ರತಾ ಮಂಡಳಿ ಆ ಒಪ್ಪಂದವನ್ನು ಅವಿರೋಧವಾಗಿ ಅನುಮೋದಿಸಿತ್ತು. ಆದರೆ 2018ರ ಮೇ 8ರಂದು ಟ್ರಂಪ್ ಅದರಿಂದ ಎದ್ದು ಹೊರ ನಡೆದರು. ಎದ್ದು ಹೋದವನನ್ನು ಕೂರಿಸುವ ಶಕ್ತಿ ಮೇಜಿನಲ್ಲಿದ್ದ ಉಳಿದ ಯಾರಿಗೂ ಇರಲಿಲ್ಲ. ಕುರ್ಚಿ ಸಿಕ್ಕರೆ ಸಾಲದು, ಒಪ್ಪಂದವನ್ನು ಮುರಿಯುವವನಿಗೂ ನಷ್ಟ ತಟ್ಟುವಂತಿರಬೇಕು ಎಂಬುದು ಅದರಿಂದ ಕಲಿಯಬೇಕಾದ ಪಾಠ.

ಇರಾನಿನಿಂದಾಚೆಗೆ, ಸಹಕಾರ ಸಂಪೂರ್ಣ ಸಫಲವಾದ ನಿದರ್ಶನವೂ ನಮ್ಮ ಮುಂದಿದೆ. ಅದು ಸಿಡುಬಿನ ನಿರ್ಮೂಲನೆ. 1958ರಲ್ಲಿ, ಶೀತಲ ಸಮರದ ನಡುವೆ, ವಿಶ್ವ ಆರೋಗ್ಯ ಸಭೆಯ ಮುಂದೆ ಈ ಪ್ರಸ್ತಾಪವನ್ನಿಟ್ಟದ್ದು ಸೋವಿಯತ್ ವೈದ್ಯ ವಿಕ್ಟರ್ ಝ್ದಾನೋವ್. 1967ರಲ್ಲಿ ಅದಕ್ಕೆ ವೇಗ ಬಂದಾಗ ನೇತೃತ್ವ ವಹಿಸಿದ್ದು ಅಮೇರಿಕದ ಡಿ.ಎ. ಹೆಂಡರ್ಸನ್. ಸೋವಿಯತ್ ಒಕ್ಕೂಟ ನೂರು ಕೋಟಿಗೂ ಮಿಕ್ಕಿದ ಲಸಿಕೆಗಳನ್ನು ದಾನ ಮಾಡಿತು. ನಮ್ಮ ದೇಶದಲ್ಲಿ 1975ರಲ್ಲಿ ಸಿಡುಬು ಕೊನೆಗೊಂಡಿತು. ತೋಳಿನ ಮೇಲೆ ಅಚ್ಚು ಹಾಕಿಸಿಕೊಂಡ ಗುರುತು ಇಂದಿಗೂ ನಮ್ಮ ಹಿರಿಯರ ಮೈಯಲ್ಲಿದೆ.

ಜಗತ್ತಿನಲ್ಲಿ ಸಹಜವಾಗಿ ಸಿಡುಬು ತಗಲಿದ ಕೊನೆಯ ರೋಗಿ ಸೋಮಾಲಿಯಾದ ಮೆರ್ಕಾ ಪಟ್ಟಣದ ಆಸ್ಪತ್ರೆಯೊಂದರ ಅಡುಗೆಯಾಳು ಅಲಿ ಮಾವ್ ಮಾಲಿನ್. ಅದು 1977ರ ಅಕ್ಟೋಬರ್. ಅದೇ ವರ್ಷ ಅದೇ ಸೋಮಾಲಿಯಾ ಓಗಾಡೆನ್ ಪ್ರದೇಶಕ್ಕಾಗಿ ಇಥಿಯೋಪಿಯಾದೊಡನೆ ಯುದ್ಧದಲ್ಲಿ ಮುಳುಗಿತ್ತು. ಅಲ್ಲಿಯ ವರೆಗೆ ಸೋಮಾಲಿಯಾದ ಗೆಳೆಯನಾಗಿದ್ದ ಸೋವಿಯತ್ ಒಕ್ಕೂಟ ಇಥಿಯೋಪಿಯಾದ ಕಡೆ ವಾಲಿತು. ಇಥಿಯೋಪಿಯಾವನ್ನು ಕಳಕೊಂಡ ಅಮೇರಿಕ ಬಳಿಕ ಸೋಮಾಲಿಯಾದತ್ತ ತಿರುಗಿತು. ಹೀಗೆ ಅವೇ ಎರಡು ಶಕ್ತಿಗಳು, ಅದೇ ನೆಲ, ಅದೇ ವರ್ಷ. ಒಂದು ಕಡೆ ಅವರ ಪೈಪೋಟಿ ಆ ನೆಲವನ್ನು ಶಸ್ತ್ರಗಳಿಂದ ತುಂಬಿತು. ಇನ್ನೊಂದು ಕಡೆ ಅವರ ಸಹಕಾರ ಅದೇ ನೆಲದಲ್ಲಿ ಮನುಷ್ಯಕುಲದ ಹಳೆಯ ಪಿಡುಗೊಂದನ್ನು ಕೊನೆಗಾಣಿಸಿತು. ಮಾಲಿನ್ ಗುಣಮುಖರಾಗಿ, ಮುಂದೆ ಪೋಲಿಯೋ ಲಸಿಕೆಯ ಕಾರ್ಯದಲ್ಲಿ ದುಡಿದರು.

ಸಿಡುಬಿನ ವಿಷಯದಲ್ಲಿ ಸಾಧ್ಯವಾದದ್ದು ತೈಲದ ವಿಷಯದಲ್ಲಿ ಯಾಕೆ ಸಾಧ್ಯವಾಗಲಿಲ್ಲ? ಸಿಡುಬು ನಿರ್ಮೂಲನೆಯ ತೀರ್ಮಾನ ಆದದ್ದು ಸಣ್ಣ ದೊಡ್ಡ ದೇಶಗಳಿಗೆಲ್ಲ ತಲಾ ಒಂದು ಮತವಿರುವ ಸಭೆಯಲ್ಲಿ. ಬಾಧಿತ ದೇಶಗಳ ಆರೋಗ್ಯ ಕಾರ್ಯಕರ್ತರೇ ಮನೆಮನೆಗೆ ನಡೆದು ಅದನ್ನು ಜಾರಿಗೊಳಿಸಿದರು. ಲಾಭವನ್ನು ಯಾರೂ ಪಾಲು ಹಾಕಿಕೊಳ್ಳುವಂತಿರಲಿಲ್ಲ. ತೈಲದ ಮತ್ತು ಗಡಿಯ ತೀರ್ಮಾನಗಳು ಮುಚ್ಚಿದ ಕೋಣೆಯಲ್ಲಿ ಆದವು, ಸಂಬಂಧಪಟ್ಟವರು ಹೊರಗೆ ನಿಂತಿದ್ದರು.

ಎರಡು ಕೋಣಗಳು ಕಾದಾಡಿದರೆ ನಡುವಿನ ಗಿಡಕ್ಕೆ ಕೇಡು ಎಂದು ನಮ್ಮ ಹಿರಿಯರು ಹೇಳುತ್ತಿದ್ದರು. ಅವೇ ಕೋಣಗಳು ಗೆಳೆಯರಾಗಿ ಒಟ್ಟಿಗೆ ಮೇಯಲು ಬಂದರೂ ಗಿಡ ಉಳಿಯುವುದಿಲ್ಲ ಎಂಬುದನ್ನು ಪರ್ಷಿಯಾದ ಚರಿತ್ರೆ ಸೇರಿಸುತ್ತದೆ. ಆದ್ದರಿಂದ ಮಹಾಶಕ್ತಿಗಳ ನಡುವೆ ಜಗಳವೋ ಸ್ನೇಹವೋ ಎಂದು ಕೇಳುವುದನ್ನು ನಾವು ಬಿಡಬೇಕು. ಯಾರ ನೆಲ, ಯಾರ ಬದುಕು ಚರ್ಚೆಯಲ್ಲಿದೆಯೋ ಅವರು ಆ ಸಭೆಯಲ್ಲಿ ಇದ್ದಾರೆಯೇ? ಅವರ ಪರವಾಗಿ ಕುಳಿತವನು ಜನರಿಂದ ಆಯ್ಕೆಯಾಗಿ ಬಂದವನೇ ಅಥವಾ ಜನರಿಗೆ ಹೆದರಿ ಹೊರಗಿನವರ ಆಸರೆ ಹುಡುಕುವ ದೊರೆಯೇ? ಮಾತು ಮುರಿದವನಿಗೂ ನಷ್ಟವಿದೆಯೇ? ಕೇಳಬೇಕಾದ ಪ್ರಶ್ನೆಗಳು ಇವು. ಫೆಲೆಸ್ತೀನಿನ ಬಗ್ಗೆಯಾಗಲಿ, ಉಕ್ರೇನಿನ ಬಗ್ಗೆಯಾಗಲಿ ನಾಳೆ ಎಲ್ಲಿ ಯಾವ ಸಭೆ ನಡೆದರೂ ಈ ಪ್ರಶ್ನೆಗಳನ್ನೇ ಕೇಳಬೇಕು. ಉಕ್ರೇನಿನ ಮೇಲೆ 2022ರಲ್ಲಿ ದಂಡೆತ್ತಿ ಹೋದದ್ದು ನಮ್ಮಲ್ಲಿ ಕೆಲವರು ಮೆಚ್ಚುವ ರಶ್ಯವೇ. ಅನ್ಯಾಯ ಮಾಡಿದವನು ಅಮೇರಿಕದ ವಿರೋಧಿ ಎಂಬ ಕಾರಣಕ್ಕೆ ಅದು ನ್ಯಾಯವಾಗುವುದಿಲ್ಲ. ಒಂದು ಸಮುದಾಯದ ಮೇಲಿನ ದ್ವೇಷ ಕೂಡಾ ನಿಮ್ಮನ್ನು ನ್ಯಾಯದಿಂದ ವಿಮುಖಗೊಳಿಸಬಾರದು ಎಂದು ಕಲಿತವರು ನಾವು. ಆ ಪಾಠ ಅಂತಾರಾಷ್ಟ್ರೀಯ ರಾಜಕೀಯಕ್ಕೆ ಅನ್ವಯಿಸುವುದಿಲ್ಲ ಎಂದು ಯಾರೂ ಹೇಳಿಲ್ಲ.

ದುರ್ಬಲ ರಾಷ್ಟ್ರಕ್ಕೆ ನಿಜವಾದ ಗುರಾಣಿ ವಾಷಿಂಗ್ಟನ್ನಿನಲ್ಲಿಯೂ ಇಲ್ಲ, ಮಾಸ್ಕೋ ಅಥವಾ ಬೀಜಿಂಗ್‌ನಲ್ಲಿಯೂ ಇಲ್ಲ. ಅದು ಆಯಾ ದೇಶದ ಜನರ ಮಜ್ಲಿಸಿನಲ್ಲಿದೆ, ಅವರ ನ್ಯಾಯಾಲಯದಲ್ಲಿದೆ, ದೊರೆಯನ್ನು ನಿರ್ಭಯವಾಗಿ ಪ್ರಶ್ನಿಸುವ ಅವರ ಪತ್ರಿಕೆಗಳಲ್ಲಿದೆ. ಪರ್ಷಿಯಾದ ಮಜ್ಲಿಸ್ 1919ರ ಒಪ್ಪಂದದ ವಿಷಯದಲ್ಲಿಯೂ 1947ರಲ್ಲಿಯೂ ಅದನ್ನು ತೋರಿಸಿಕೊಟ್ಟಿತು. 1906ರ ಬೇಸಿಗೆಯಲ್ಲಿ ಟೆಹ್ರಾನಿನ ಜನರು ಕೇಳಿದ್ದು ಸರಿಯಾಗಿಯೇ ಇತ್ತು. ಕೇಳಲು ಅವರು ಕುಳಿತ ತೋಟ ಮಾತ್ರ ಪರರದ್ದಾಗಿತ್ತು.